ನಡುವೆ ಹನ್ನೊಂದು

ಮೊದಲ ಸಂಚಿಕೆ, ಮೂವತ್ತೊಂದನೆಯ ಪುಟ.
ಎರಡು ಚೌಕಗಳ ನಡುವೆ ಬೆಳ್ಳಗಿನ ಒಂದು ಸಂದು,
ಅಗಲ ನನ್ನ ಕಿರುಬೆರಳ ಉಗುರಿನರ್ಧ.
ಈಚೆಯ ಚೌಕದಲ್ಲಿ ಮಿನೆಗಿಶಿಯ ಕೈ ಹಿಡಿಕೆಯ ಮೇಲೆ;
ಆಚೆಯದರಲ್ಲಿ ಕತ್ತಿ ಆಗಲೇ ಒರೆಯೊಳಗೆ,
ಸೇತುವೆಯ ಮೇಲೊಬ್ಬ ಬೋರಲು,
ಅವನ ಕೊಡೆ ಇನ್ನೂ ಉರುಳುತ್ತಿದೆ.

ಕೊಂದದ್ದು ಸಂದಿನಲ್ಲಿ.
ಆಮೇಲೆ ಇಪ್ಪತ್ತಾರು ವರ್ಷ, ವಾರವಾರವೂ, ಬರೆದರು ಕುರಾಮೊಚಿ;
ಮಿನೆಗಿಶಿ ಮತ್ತೆ ಕತ್ತಿ ಹಿರಿಯಲಿಲ್ಲ.
ಹಿರಿಯಬೇಕಾಗಿ ಬರಲಿಲ್ಲ.
ಹೆಸರು ಕೇಳಿದರೆ ಸಾಕು, ಪುಂಡರು ದಾರಿ ಬಿಡುತ್ತಿದ್ದರು.
ಓದುವವರೂ ಅಷ್ಟೇ: ಕಣ್ಣಿಗೆ ಕಾಣದ ಕೈ!
ಗಾಳಿಗೂ ತಿಳಿಯದ ಕೈ!

ಮೊದಲ ಸಲ ಟೀವಿಗೆ ತಂದವರ ಬಳಿ ದುಡ್ಡಿರಲಿಲ್ಲ.
ಪ್ರತಿ ಕಂತಿನ ಶುರುವಿಗೂ ಆ ಸೇತುವೆ,
ಪರದೆ ಒಮ್ಮೆ ಬಿಳುಚಿ, ಒಂದು ಕಾಗೆ ಹಾರಿ,
ಮುಗಿಯಿತು. ಅದೇ ಕಾಗೆ, ಐವತ್ತೆರಡು ವಾರ.
ನಾನಾಗ ಚಿಚಿಬುವಿನ ಶಾಲೆಯ ಹುಡುಗಿ,
ಕಾಗೆಯೇ ನಾಯಕ ಅಂದುಕೊಂಡಿದ್ದೆ.

ಎರಡನೆಯ ಸಲಕ್ಕೆ ನಾನು ನೆರಿಮಾದ ಸ್ಟುಡಿಯೋದಲ್ಲಿ
ಕೆಳಗಿನಿಂದ ದೀಪ ಉರಿವ ಗಾಜಿನ ಮೇಜಿಗೆ ಬಾಗಿ
ನಡುಚಿತ್ರ ಬರೆಯುವವಳು. ಹಾಳೆಗಿಷ್ಟು ಎಂದು ಕೂಲಿ.
ಹಿರಿಯರು ಮೊದಲನೆಯದನ್ನೂ ಕೊನೆಯದನ್ನೂ ಬರೆದಿಡುತ್ತಾರೆ,
ನಡುವೆ ನಡೆದದ್ದೆಲ್ಲ ನಮ್ಮ ಪಾಲು.
ಈ ಸಲ ಕಾಗೆ ಬೇಡ, ಎಂದರು ನಿರ್ದೇಶಕರು, ಏಟು ಬೇಕು.
ನನ್ನ ಮೇಜಿಗೆ ಬಂದ ಲಕೋಟೆಯ ಮೇಲೆ ಕೆಂಪು ಸೀಸದಲ್ಲಿ:
ಸೇತುವೆ. ನಡುವೆ ಹನ್ನೊಂದು.

ಅಂದು ರಾತ್ರಿ ಬಾಡಿಗೆ ಕೋಣೆಯಲ್ಲಿ
ಉದ್ದನೆಯ ಈರುಳ್ಳಿ ದಂಟು ಸೊಂಟಕ್ಕೆ ಸಿಕ್ಕಿಸಿ
ಕನ್ನಡಿಯ ಮುಂದೆ ಹಿರಿದೆ, ಇಟ್ಟೆ, ಹಿರಿದೆ.
ಮೊದಲು ತಿರುಗುವುದು ಹೆಗಲೋ, ಸೊಂಟವೋ?
ಗೋಡೆಯಾಚೆಯಿಂದ ಒಕುನೊ ಅಜ್ಜಿ ತಟ್ಟಿ ಕೇಳಿದರು:
ಏನಮ್ಮ, ಒಂದು ಸಾರು ಮಾಡಲು ಇಷ್ಟು ಕಾದಾಟವೇ?

ಮತ್ತೆ ಆ ಪುಟ ನೋಡಿದೆ, ಭೂತಗನ್ನಡಿ ಹಿಡಿದು.
ಈಚೆ: ಹುಲ್ಲಿನ ಚಪ್ಪಲಿ, ಬಾರು ಬಿಗಿ.
ಆಚೆ: ಎಡಗಾಲಿನ ಬಾರು ಕಿತ್ತುಹೋಗಿದೆ,
ಎರಡೇ ಎರಡು ಎಳೆ, ಇರುವೆಯ ಮೀಸೆಯಷ್ಟು.
ಇವನು ಹೊಡೆಯಲಿಲ್ಲ. ಇವನು ಎಡವಿದ.
ಕತ್ತಿ ಹೊರಬಂದದ್ದು ಬೆದರಿಸಲಷ್ಟೇ;
ಬಾರು ಹರಿಯಿತು, ಮೈಭಾರ ಮುಂದಕ್ಕೆ ಬಿತ್ತು,
ಎದುರಿನವನು ಅಲ್ಲೇ ನಿಂತಿದ್ದ.
ಅಂದಮೇಲೆ ಊರೂರು ಅಲೆದು, ಮಾತಾಡದೆ ಉಂಡು,
ಜನ ಕೈಮುಗಿದಾಗಲೆಲ್ಲ ಮುಖ ತಿರುಗಿಸಿದ್ದು
ಗತ್ತಲ್ಲ.

ಭಾನುವಾರ ಕುರಾಮೊಚಿ ಅವರ ಮನೆಗೆ ಹೋದೆ,
ಪರ್ಸಿಮನ್ ಹಣ್ಣಿನ ಚೀಲ ಹಿಡಿದು.
ಕಾಲುಚೀಲಕ್ಕೆ ತೇಪೆ ಹಾಕುತ್ತ ಕೂತಿದ್ದರು.
ಕೇಳಿಸಿಕೊಂಡು, ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ,
"ನೀವು ಎರಡನೆಯವರು," ಎಂದರು.
"ಮೊದಲನೆಯವನು ಕವಾಗೊಏಯಲ್ಲಿ ಚಪ್ಪಲಿ ಹೆಣೆಯುವವನು.
ಕಾರ್ಡು ಬರೆದಿದ್ದ: ಸ್ವಾಮೀ,
ನಿಮ್ಮ ನಾಯಕನಿಗೆ ಕಳಪೆ ಬಾರು ಮಾರಿದ್ದು ಯಾರು?"
ಅಷ್ಟೇ. ಹಣ್ಣು ತಿಂದೆವು. ಒಗರಾಗಿತ್ತು.

ನಾಯಕ ಎಡವುವುದುಂಟೇ, ಎಂದು ನಿರ್ದೇಶಕರು ನಕ್ಕುಬಿಟ್ಟರು.
ಹನ್ನೊಂದನ್ನೂ ಅವರು ಹೇಳಿದಂತೆಯೇ ಬರೆದೆ.
ಸುಳ್ಳು. ಹತ್ತನ್ನು.
ಏಳನೆಯದರಲ್ಲಿ ಹಿಮ್ಮಡಿ ಜಾರಿತು,
ಬಾಯಿ ತೆರೆಯಿತು, ಕಣ್ಣು ಕೆಳಗೆ ನೋಡಿತು.
ರೆಪ್ಪೆ ಬಡಿಯುವ ಮೊದಲೇ ಮುಗಿದುಹೋಗುವ ಹಾಳೆ.
ಮೂವತ್ತು ವರ್ಷ ಯಾರೂ ಏನೂ ಅನ್ನಲಿಲ್ಲ.

ಈಗ ಮೂರನೆಯ ಸಲ ತೆಗೆಯುತ್ತಿದ್ದಾರೆ, ಕಂಪ್ಯೂಟರಿನಲ್ಲಿ.
ನಡುವನ್ನು ಯಂತ್ರವೇ ತುಂಬುತ್ತದಂತೆ,
ಕೂದಲೆಳೆಯಷ್ಟೂ ಕೊಂಕಿಲ್ಲದೆ.
ನಿನ್ನೆ ಸಂಜೆ ಫೋನು. ಎಳೆಯ ದನಿ, ಅಮಾನುಮಾ ಎಂದೇನೋ ಹೆಸರು.
"ನೊಬುಎ ಅವರೇ, ನಿಮ್ಮ ಹಳೆಯ ರೀಲನ್ನು
ಒಂದೊಂದೇ ಚಿತ್ರ ನಿಲ್ಲಿಸಿ ನೋಡುತ್ತಿದ್ದೆ.
ಏಳನೆಯದರಲ್ಲಿ ಕಾಲು... ಅದು ತಪ್ಪೇ?
ತಿದ್ದಲೇ ಎಂದು ಯಂತ್ರ ಕೇಳುತ್ತಿದೆ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು.
ಕೈಯಲ್ಲಿ ಈರುಳ್ಳಿ ದಂಟು, ಅರ್ಧ ಹೆಚ್ಚಿದ್ದು.
"ಪುಸ್ತಕ ಇದೆಯೇ ಹತ್ತಿರ? ಬಾರು ನೋಡು," ಎಂದೆ.
ಹಾಳೆ ತಿರುವುವ ಸದ್ದು. ಹಿಂದಕ್ಕೆ ತಿರುವುವ ಸದ್ದು.
ಆಮೇಲೆ ಬಹಳ ಹೊತ್ತು
ಅವನು ಉಸಿರಾಡುವುದಷ್ಟೇ ಕೇಳಿಸುತ್ತಿತ್ತು.