ದುಖ್ತಾ?

ನಾಲ್ಕು ವರ್ಷ, ಹದಿಮೂರೂವರೆ ಕಿಲೋ.
ಪ್ರಥಮೇಶ ಹರಿಕಂತ್ರ, ಬೈತಖೋಲ.
ಕೇಸ್ ಪೇಪರಿನಲ್ಲಿ: ಬಲಗಡೆ ಹರ್ನಿಯಾ.
ಅವನ ಲೆಕ್ಕದಲ್ಲಿ, ಅತ್ತರೆ ಹೊರಬಂದು
ಮಲಗಿದರೆ ಬಿಲ ಸೇರುವ ಒಂದು ಏಡಿ.

ನಿದ್ದೆಗೆ ಹಾಕಿ, ಮಗ್ಗುಲಾಗಿಸಿ,
ಬೆನ್ನ ಕೊನೆಯಲ್ಲಿ, ಬಾಲವಿದ್ದಿದ್ದರೆ ಅದು ಶುರುವಾಗುತ್ತಿದ್ದ ಕಡೆ,
ಬೆರಳಿಂದ ಎರಡು ಪುಟ್ಟ ಎಲುಬು ಹುಡುಕಿದೆ.
ಸೂಜಿ ಪದರ ದಾಟುವಾಗ ಸಣ್ಣಗೆ ಟಪ್,
ಕಿವಿಗಲ್ಲ, ಬೆರಳಿಗೆ ಕೇಳುವ ಸದ್ದು.
ಇನ್ನು ನಾಲ್ಕೈದು ಗಂಟೆ
ಸೊಂಟದ ಕೆಳಗಿನ ಸುದ್ದಿ ಮೇಲೆ ಹೋಗದು.

ಎರಡು ಬೀಗದ ಹಿಂದೆ
ಫೆಂಟನಿಲ್ ಇದ್ದಲ್ಲೇ ಇತ್ತು.
ರಿಜಿಸ್ಟರಿನ ಆ ಸಾಲು ಖಾಲಿ.

ಮೊದಲು ಹಾಗಿರಲಿಲ್ಲ.
ಅತ್ತರೆ ಒಂದಿಷ್ಟು, ಇನ್ನೂ ಅತ್ತರೆ ಇನ್ನೊಂದಿಷ್ಟು.
ವಾರ್ಡು ಶಾಂತ, ನಮಗೂ ಒಳ್ಳೆಯ ಹೆಸರು.
ಒಂದು ರಾತ್ರಿ, ಹೀಗೇ ಶಾಂತವಾಗಿದ್ದ ಒಬ್ಬಳ ಎದೆಯ ಮೇಲೆ ಕೈಯಿಟ್ಟು,
ಒಂದು ಉಸಿರಿಂದ ಇನ್ನೊಂದಕ್ಕೆ
ಕಾಳಿ ಸೇತುವೆ ನಡೆದು ದಾಟುವಷ್ಟು ಹೊತ್ತು ಕಾದಿದ್ದೇನೆ.
ಬದುಕಿದಳು. ಮಾಜಾಳಿಯಲ್ಲಿ ಈಗ ಸೈಕಲ್ ಹೊಡೆಯುತ್ತಾಳಂತೆ.
ನನ್ನ ಅಂಗೈ ಮಾತ್ರ ಇನ್ನೂ ಎಣಿಸುತ್ತದೆ.

ಹನ್ನೊಂದೂಕಾಲಿಗೆ ಪ್ರಥಮೇಶ ಎಚ್ಚೆತ್ತು ಚೀರಿದ.
ಅವನ ತಾಯಿ ಮಂದಾ ನನ್ನತ್ತ ನೋಡಿದಳು,
ರಾತ್ರಿ ದೋಣಿಯ ಹಗ್ಗ ಬಿಗಿಯದೆ ಬಂದವನನ್ನು ನೋಡುವ ಹಾಗೆ.
"ಏನಾರೂ ಕೊಡಿ ಡಾಕ್ಟ್ರೇ."
ಕೈ ತಾನಾಗಿ ಕೀಲಿಯತ್ತ ಹೋಯಿತು.

ರೊಜಾಲಿನ್ ಸಿಸ್ಟರ್ ಬಗ್ಗಿ ಕೇಳಿದಳು: "ದುಖ್ತಾ?"
ಇಪ್ಪತ್ತು ವರ್ಷವಾಯಿತು ಕಾರವಾರಕ್ಕೆ ಬಂದು.
ಇವರ ಕೊಂಕಣಿಯ ನೋವಿಗೂ
ನನ್ನ ಕನ್ನಡದ ದುಃಖಕ್ಕೂ ಒಂದೇ ಬೇರು.
ಇದು ಯಾವುದು? ಅವನೇ ಹೇಳಬೇಕು.

"ನಾ" ಎಂದ. ಬಿಕ್ಕುತ್ತ ಬಿಕ್ಕುತ್ತ,
"ಪಾಯ್ ಖಂಯ್?"

ಕಾಲೆಲ್ಲಿ?

ಮಂದಾ ಹೊದಿಕೆ ಸರಿಸಿ ಎತ್ತಿ ತೋರಿಸಿದಳು.
ಮುಟ್ಟಿ ನೋಡಿದ, ಬೇರೆ ಯಾರದೋ ಕಾಲನ್ನು ಮುಟ್ಟುವ ಹಾಗೆ.
ನಿನಗಿಂತ ಸೋಂಬೇರಿ, ಇನ್ನೂ ಮಲಗಿದೆ, ಅಂದೆ.
ಏಡಿ?
ಅದು ಹೋಯಿತು.
ಎಲ್ಲಿಗೆ ಎಂದು ಕೇಳಿದ. ನನಗೆ ತಿಳಿಯಲಿಲ್ಲ.

ಎರಡೂವರೆಗೆ ಹೆಬ್ಬೆರಳು ಅಲುಗಿತು.
ಅದಕ್ಕೂ ಮುಂಚೆ ಒಂದು ಮುಚ್ಚಳ ಸಿರಪ್ಪು ಕುಡಿಸಿದ್ದೆವು,
ನೋವು ಬರುವ ಹೊತ್ತಿಗೆ ಬಾಗಿಲಲ್ಲಿ ಯಾರಾದರೂ ಕೂತಿರಲೆಂದು.

ಪೇಜ್ ಬೇಕೆಂದ. ತಂದುಕೊಟ್ಟರೆ
ಉಪ್ಪು ಜಾಸ್ತಿಯೆಂದು ಮತ್ತೆ ಅತ್ತ, ವಾರ್ಡು ಹಾರಿಹೋಗುವ ಹಾಗೆ.

ಯಾರೂ ಕೀಲಿ ಮುಟ್ಟಲಿಲ್ಲ.