ಎರಡನೇ ಸಹಿ

ರಾತ್ರಿ ಹತ್ತರ ಮೇಲೆ ಆ ಕಬ್ಬಿಣದ ಕಪಾಟು ತೆರೆಯಬೇಕಾದರೆ
ಎರಡು ಸಹಿ ಬೇಕು.
ಒಂದು ವಾರ್ಡಿನ ಹುಡುಗನದು, ಇನ್ನೊಂದು ನನ್ನದು.
ಒಳಗಿರುವ ಸೀಸೆಗಳು
ಅಜ್ಜಿಯ ಕಾಲದ ಬಂಗಾರದ ಹಾಗೆ:
ತೊಟ್ಟಷ್ಟೂ ಸವೆಯುತ್ತವೆ,
ಹೊಸದು ಮಾಡಿಸುವಷ್ಟು ಈಗ ಯಾರ ಮನೆಯಲ್ಲೂ ಇಲ್ಲ.

ಎರಡೂವರೆಗೆ ಫೋನು. ಖೋಪ್ಕರ್, ವಾರ್ಡಿಗೆ ಬಂದು ಮೂರೇ ತಿಂಗಳು.
"ಮೇಡಂ, ಮುಂಗೈ ಕಪ್ಪಾಗಿದೆ, ಬಿಪಿ ಇಳೀತಿದೆ,
ದೊಡ್ಡವು ಎರಡನ್ನೂ ಶುರು ಮಾಡ್ತೀನಿ."
ರಕ್ತ ತೆಗೆದೆಯಾ?
"ಮದ್ದು ಹೋದ ಮೇಲೆ..."
ಮದ್ದು ಹೋದ ಮೇಲೆ ಸಾಕ್ಷಿ ಬಾಯಿ ಬಿಡುವುದಿಲ್ಲ ಮಾರಾಯ,
ಮೊದಲು ಬಾಟಲಿಗೆ ರಕ್ತ.
ಕ್ರಿಯಾಟಿನಿನ್ ಎಷ್ಟು? ಯಾವ ಮದ್ದಿಗಾದರೂ ಮೈಮೇಲೆ ದದ್ದೆದ್ದಿತ್ತೇ?
ಏನು ಕೆಲಸ ಅವಳದು?

ಕೊನೆಯ ಪ್ರಶ್ನೆಗೆ ಅವನು ಸುಮ್ಮನಾದ.
ಮೆಟ್ಟಿಲಿಳಿದು ನಾನೇ ಹೋದೆ.
ಚಾಂಗುಣಾ ತಾಂಡೇಲ, ಐವತ್ತಾರು,
ಭಾವೂಚಾ ಧಕ್ಕಾದಲ್ಲಿ ಬುಟ್ಟಿಗಟ್ಟಲೆ ಮೀನು ಬಿಡಿಸುವವಳು.
ಮೊನ್ನೆ ಏಡಿ ಕಚ್ಚಿತಂತೆ.
ಕಚ್ಚಿದ ಕೈಯನ್ನೇ ಮತ್ತೆ ಉಪ್ಪುನೀರಿಗೆ ಅದ್ದಿ
ಸಂಜೆಯವರೆಗೆ ದುಡಿದಳಂತೆ.

ಕಡಲು ಆಗ ವಾರ್ಡಿನೊಳಗೆ ಬಂತು.

ಸಹಿ ಹಾಕಿದೆ. ಸಾಯುತ್ತಿರುವವಳ ಮುಂದೆ
ಜಿಪುಣತನ ಮಾಡಲು ನಾನೇನು ಶೆಟ್ಟರ ಅಂಗಡಿಯ ತಕ್ಕಡಿಯೇ?
ಹುಡುಗ ಬರೆಯದೇ ಬಿಟ್ಟ ಒಂದನ್ನು ಕೆಳಗೆ ಬರೆದೆ:
ಡಾಕ್ಸಿಸೈಕ್ಲಿನ್. ಹಳೆಯದು, ಅಗ್ಗದ್ದು,
ಕಪಾಟಿನ ಬೀಗವನ್ನೇ ಕಾಣದ್ದು.
ಸರ್ಜನ್ ಎಬ್ಬಿಸಲು ಹೇಳಿದೆ.
ಕೀವಿಗೆ ದಾರಿ ಮಾಡಿಕೊಡದೆ
ಯಾವ ಸೀಸೆಯೂ ಏನೂ ಕಿಸಿಯುವುದಿಲ್ಲ.

ಮೂರನೆಯ ದಿನ ಲ್ಯಾಬಿನಿಂದ ಬಂತು ಹೆಸರು.
ಅಲ್ಪವಿರಾಮದಂತೆ ಬಾಗಿದ ಕಡಲಿನ ಹುಳು.
ದೊಡ್ಡವೆರಡನ್ನೂ ಅಡ್ಡಗೆರೆ ಎಳೆದು ತೆಗೆದೆ,
ಅವುಗಳ ಜಾಗಕ್ಕೆ ಒಂದು ಸಾಧಾರಣ ಇಂಜೆಕ್ಷನ್.
ಖೋಪ್ಕರನ ಮುಖ ಸಣ್ಣಗಾಯಿತು:
"ಗುಣ ಆಗ್ತಿರೋವಾಗ ಯಾಕೆ ಬದಲಿಸಬೇಕು ಮೇಡಂ?"
ಏರುವುದಕ್ಕೆ ಧೈರ್ಯ ಬೇಕಿಲ್ಲ ಮಗೂ,
ಮೂರನೆಯ ದಿನ ಇಳಿಯಲು ಬೇಕು.

ಅದೇ ಟ್ರೇಯಲ್ಲಿ ಇನ್ನೊಂದು ತಟ್ಟೆ ಇತ್ತು,
ಹದಿನೇಳನೆಯ ಮಂಚದ್ದು.
ಮದ್ದಿನ ಬಿಲ್ಲೆಗಳು ಹನ್ನೆರಡು.
ಮದ್ದು ನಾಟಿದರೆ ಬಿಲ್ಲೆಯ ಸುತ್ತ ತಿಳಿಯಾದ ಬಳೆ ಮೂಡುತ್ತದೆ,
ಗುಡಿ ಕಟ್ಟಿದ ಚಂದ್ರನ ಹಾಗೆ.
ಸ್ಕೇಲು ಹಿಡಿದು ಮಿಲಿಮೀಟರಿನಲ್ಲಿ ಅಳೆಯುತ್ತೇನೆ.
ಹನ್ನೆರಡರಲ್ಲಿ ಒಂದಕ್ಕೂ ಗುಡಿ ಇರಲಿಲ್ಲ.
ಅಂಚಿನವರೆಗೂ ಹುಲುಸಾದ ಬೆಳೆ.

ಇಂಡಿ ಕಡೆಯ ಮಾಳಪ್ಪ, ವಡಾಳಾದಲ್ಲಿ ಗಾರೆ ಕೆಲಸ.
ನೆಗಡಿಗೆ ಎರಡು, ಮೈನೋವಿಗೆ ಎರಡು,
ಮೆಡಿಕಲ್ ಅಂಗಡಿಯವನು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟದ್ದು
ವರ್ಷ ವರ್ಷ ನುಂಗಿದವನು.
ಕನ್ನಡ ಕೇಳಿ ನನ್ನ ಕೈ ಹಿಡಿದ:
"ಅಕ್ಕಾ, ಗಟ್ಟಿ ಗುಳಿಗಿ ಯಾವುದಾದ್ರೂ ಇದ್ರ ಕೊಡ್ರಿ."
ಗಟ್ಟಿ ಎಂಬುದು ಈಗ ಗುಳಿಗೆಯ ಕಡೆ ಇಲ್ಲ ಮಾಳಪ್ಪ,
ಎಂದು ಹೇಳಲಿಲ್ಲ.
ಕೊಲಿಸ್ಟಿನ್‌ಗೆ ಸಹಿ ಹಾಕಿದೆ,
ಮೂತ್ರಪಿಂಡವನ್ನು ದಿನವೂ ನೋಡಿ ಎಂದು ಬರೆದೆ.
ನಿಲ್ಲಿಸುವ ದಿನಾಂಕದ ಕಾಲಮ್ಮನ್ನು
ನಾನು ಎಂದೂ ಖಾಲಿ ಬಿಟ್ಟವಳಲ್ಲ.
ಅವತ್ತು ಪೆನ್ನು ಅಲ್ಲೇ ಬಹಳ ಹೊತ್ತು ನಿಂತಿತು.

ಚಾಂಗುಣಾ ಹದಿನೆಂಟು ದಿನಕ್ಕೆ ಮನೆಗೆ ಹೋದಳು,
ಎರಡು ಬೆರಳು ಇಲ್ಲಿ ಬಿಟ್ಟು.
ತಿಂಗಳ ಮೇಲೆ ತೋರಿಸಲು ಬಂದವಳ
ಸೊಂಟದ ಸಂಚಿಯಿಂದ ವಿಳ್ಯದೆಲೆ ಬಂತು, ಸುಣ್ಣದ ಡಬ್ಬಿ ಬಂತು,
ಹಿಂದೆಯೇ ಒಂದು ಸ್ಟ್ರಿಪ್, ನಾಲ್ಕು ಕ್ಯಾಪ್ಸೂಲು ಬಾಕಿ.
ನುಂಗಬೇಕಿತ್ತಲ್ಲ ಆಯೀ?
"ಮೊಮ್ಮಗನಿಗೆ ಕೆಮ್ಮು ಬಂದರೆ ಇರಲಿ ಅಂತ."

ಇಂಥ ಕಪಾಟು ಈ ಊರಲ್ಲಿ ಎಷ್ಟು ಕೋಟಿ ಇವೆಯೋ,
ಅಡುಗೆಮನೆಯ ಡಬ್ಬಿಯಲ್ಲಿ, ದೇವರ ಫೋಟೋದ ಹಿಂದೆ,
ಒಂದು ಸಹಿಯೂ ಕೇಳದೆ ತೆರೆಯುವಂಥವು.

ಕೊಡು ಎಂದು ಕೈ ಚಾಚಿದೆ.
ಮೂರು ಬೆರಳಿನ ಕೈ ಸಂಚಿಯನ್ನು ಬಿಗಿಯಾಗಿ ಮುಚ್ಚಿತು.
ಇನ್ನೊಂದು ಕೈ, ಕಾಗದ ಸುತ್ತಿದ
ಒಣ ಬೊಂಬಿಲ ಮೀನಿನ ಪೊಟ್ಟಣವನ್ನು
ನನ್ನ ಅಂಗೈ ಮೇಲಿಟ್ಟಿತು.