ಷರಾ

ಮೂವತ್ತೊಂದು ವರ್ಷ, ಲೆಕ್ಸಿಂಗ್ಟನ್ನಿನ ಅಂಚೆಮನೆಯಲ್ಲಿ
ವಿಳಾಸ ಓದಲಾಗದ ಕಾಗದಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು.
ಕಾಗೆ ಕಾಲು ಗುಬ್ಬಿ ಕಾಲು ನನಗೆ ಹೊಸದಲ್ಲ.
ಆದರೂ ಸಾವಿರದೆಂಟುನೂರ ತೊಂಬತ್ತರ ಈ ಒಂದು ಹಾಳೆ
ವರ್ಷವಿಡೀ ನನ್ನನ್ನು ಯಾಮಾರಿಸಿತು.

ಅರವತ್ತರ ಖಾನೇಸುಮಾರಿಯಲ್ಲಿ ಅವನಿಗೆ ಹೆಸರಿಲ್ಲ.
ಒಡೆಯ ಗೇಟ್‌ವುಡ್ಡನ ಹೆಸರಿನಡಿ
‘ಗಂಡು, ಕಪ್ಪು, ಹದಿನೇಳು’.
ಅವನೇ ಇರಬೇಕು.
ಮೇಲೊಬ್ಬ ಹೆಂಗಸು, ಕೆಳಗೊಂದು ಕೂಸು;
ತಾಯಿಯೋ, ತಂಗಿಯೋ, ಗೀಟುಗಳು ಬಾಯಿಬಿಡುವುದಿಲ್ಲ.
ಎಪ್ಪತ್ತರಲ್ಲಿ ಸೈಲಸ್ ಟ್ಯಾಂಡಿ, ಇಪ್ಪತ್ತಾರು.
ಎಂಬತ್ತರಲ್ಲಿ ನಲವತ್ತು.
ಹತ್ತು ವರ್ಷಕ್ಕೆ ಹದಿನಾಲ್ಕು ವರ್ಷ ಮುದುಕನಾಗುವುದು
ಕಲ್ಲುಗಣಿಯ ಕೂಲಿಗೆ ಕಷ್ಟವೇನಲ್ಲ.

ತೊಂಬತ್ತರಲ್ಲಿ ಮಾಜಿ ಸೈನಿಕರಿಗೇ ಬೇರೆ ಪಟ್ಟಿ.
ಉತ್ತರದ ಪಡೆಯವರು ಮಾತ್ರ ಅಂತಿತ್ತು ಹುಕುಂ.
ಗಣತಿಯವನು ಬಾಗಿಲು ತೆರೆದವರನ್ನೆಲ್ಲ ಬರೆದ;
ಆಮೇಲೆ ಕಚೇರಿಯಲ್ಲಿ ಯಾರೋ ಕೂತು
ದಕ್ಷಿಣದವರ ಮೇಲೆ ಗೆರೆ ಎಳೆದರು.
ಲೂಥರ್ ಗೇಟ್‌ವುಡ್, ಒಡೆಯನ ಮಗ: ಹೊಡೆದುಹಾಕಿದೆ.
ಅದರ ಕೆಳಗೇ,
ಅದೇ ರಸ್ತೆ, ಅದೇ ಮಧ್ಯಾಹ್ನ ಇದ್ದೀತು,
ಸೈಲಸ್ ಗೇಟ್‌ವುಡ್ ಉರುಫ್ ಟ್ಯಾಂಡಿ.
ಗೆರೆಯ ಬಾಲ ಜಾರಿ ಅವನ ಹೆಸರಿನ ನೆತ್ತಿ ತಾಗಿತ್ತು.

ಅವನೂ ರದ್ದು ಅಂದುಕೊಂಡೆ.
‘ಸಮಾಧಿಕಲ್ಲಿನ ಅರ್ಜಿ ಬಿಟ್ಟುಬಿಡು’ ಎಂದೆ
ಚಿಕ್ಕಪ್ಪನ ಮಗ ವರ್ಲಾನ್‌ಗೆ. ಅವನು ಎರಡು ತಿಂಗಳು ಮಾತಾಡಲಿಲ್ಲ.
ಮೊನ್ನೆ ಹಾಳೆಯನ್ನು ಹಿಗ್ಗಿಸಿ ನೋಡಿದರೆ
ಎರಡು ಶಾಯಿ, ಎರಡು ಕೈ.
ಗೆರೆ ಎಳೆದವನಿಗೆ ಊಟದ ಹೊತ್ತಾಗಿತ್ತು, ಅಷ್ಟೆ.

ಈಗ ಅರ್ಜಿಯಲ್ಲಿ ಹೆಸರಿಗೆ ಒಂದೇ ಸಾಲು.
ಬಂದೂಕು ಹಿಡಿದದ್ದು ಒಡೆಯನ ಹೆಸರಲ್ಲಿ,
ಮನೆ ಕಟ್ಟಿದ್ದು ತಾನೇ ಆರಿಸಿಕೊಂಡ ಹೆಸರಲ್ಲಿ.
ಟ್ಯಾಂಡಿ ಅನ್ನುತ್ತಾನೆ ವರ್ಲಾನ್.
ನಾನು ಇನ್ನೂ ಏನೂ ಬರೆದಿಲ್ಲ.

ಕೊನೆಯ ಅಂಕಣ, ಷರಾ:
‘ಬಿಡುಗಡೆ ಪತ್ರ ಕಳೆದಿದೆ. ಫಿರಂಗಿಯಿಂದ ಎಡಗಿವಿ ಹೋಗಿದೆ.’

ಎಡಗಿವಿ.
ನಮ್ಮ ಮನೆಯಲ್ಲಿ ಗುಟ್ಟು ಹೇಳುವವರು
ಹಿರಿಯರ ಬಲಕ್ಕೇ ಕೂರಬೇಕು.
ಎಡಕ್ಕೆ ಕೂತರೆ ಅಜ್ಜಿ ಒಝೆಲ್ಲಾ ತೊಡೆ ಚಿವುಟಿ ಎಬ್ಬಿಸುತ್ತಿದ್ದಳು.
ಸಾಯುವವರೆಗೂ ಅವಳ ಎರಡು ಕಿವಿಯೂ ಚುರುಕು,
ಪಕ್ಕದ ಮನೆಯ ಪಿಸುಮಾತೂ ಬಿಡುತ್ತಿರಲಿಲ್ಲ.
ಯಾಕಜ್ಜಿ ಅಂದರೆ,
‘ನಮ್ಮಮ್ಮ ಹಾಗೇ ಕೂರಿಸುತ್ತಿದ್ದಳು. ಸುಮ್ಮನೆ ಈ ಕಡೆ ಬಾ.’